ಬೆಳಗಿನ ನಡುಕಕ್ಕೆ ಕಾಲ್ಗುಣದ ಹೆಸರು

ಕಲ್ಯಾಣದುರ್ಗ
೧೮ ಡಿಸೆಂಬರ್ ೨೦೦೬, ಸೋಮವಾರ

ಮುದ್ದಿನ ಮೊಮ್ಮಗ ಚೌಡೇಶನಿಗೆ,

ಹೇಗಿದ್ದೀಯ ಕಂದ? ಸೂರತ್ತಿನ ನೀರು ಒಗ್ಗಿತೆ? ಅಲ್ಲಿ ಬೇಳೆಸಾರಿಗೂ ಬೆಲ್ಲ ಹಾಕುತ್ತಾರೆ ಎಂದು ನಿಮ್ಮಪ್ಪ ಹೇಳಿದಾಗಿನಿಂದ ನನಗೆ ನಿನ್ನ ಹೊಟ್ಟೆಯದೇ ಯೋಚನೆ. ಚಿಕ್ಕಂದಿನಲ್ಲಿ ಸಾರಿಗೆ ಖಾರ ಕಡಿಮೆಯಾದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದವನು ನೀನು. ಪೆಟ್ಟಿಗೆಯ ಮೂಲೆಯಲ್ಲಿ ಚಟ್ನಿಪುಡಿ ಡಬ್ಬ ಇಟ್ಟಿದ್ದೆ, ಮುಗಿದಿದ್ದರೆ ತಿಳಿಸು. ಜರಿ ಕೊಳ್ಳುವಾಗ ಅಂಗಡಿಯ ದೀಪದಲ್ಲಿ ನೋಡಬೇಡ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡು. ನಿಮ್ಮ ತಾತ ವ್ಯಾಪಾರಕ್ಕಿಳಿದ ಹೊಸದರಲ್ಲಿ ಹಾಗೆ ನೋಡದೆಯೇ ಮೋಸಹೋಗಿದ್ದು. ನನ್ನ ಆರೋಗ್ಯ ಎಂದಿನಂತೆ. ಈ ಚಳಿಗೆ ಬೆಳಗ್ಗೆ ಎದ್ದ ಕೂಡಲೇ ಮೊಣಕಾಲು ಮಡಚಲು ಬರುವುದಿಲ್ಲ, ನಾಲ್ಕು ಹೆಜ್ಜೆ ಓಡಾಡಿದರೆ ಸರಿಹೋಗುತ್ತದೆ. ತಾತನ ಕೆಮ್ಮು ಹಾಗೇ ಇದೆ. ಕೆಮ್ಮಿಗಿಂತ ಅವರ ಮೊಂಡುತನವೇ ನನಗೆ ಹೆಚ್ಚಿನ ಕಾಯಿಲೆಯಾಗಿದೆ, ಅದನ್ನೇ ಬರೆಯಲು ಕೂತಿದ್ದೇನೆ.

ಮೇಲೆ ಕಲ್ಯಾಣದುರ್ಗ ಎಂದಿರುವುದನ್ನು ನೋಡಿ ಹುಬ್ಬು ಏರಿಸಿರುತ್ತೀಯ. ಹೌದು, ನಿನ್ನ ಮಾವ ಮುನೆಪ್ಪನವರ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ. ಪಕ್ಕದಲ್ಲೇ ಅವರ ಮಗ್ಗ ಟಕ್ ಟಕ್ ಎನ್ನುತ್ತಿದೆ, ಕೇಳಿ ಕಿವಿಗೆ ಹಿತವಾಗಿದೆ. ನಿನ್ನೆ ಹಿಂದೂಪುರದಿಂದ ಬಂದೆ. ಬಸ್ಸಿನಲ್ಲಲ್ಲ, ನಿನ್ನ ಕೆಂಪು ಕಾರಿನಲ್ಲಿ. ಯಾರೂ ಮುಟ್ಟಕೂಡದು, ಯಾರೂ ಓಡಿಸಕೂಡದು ಎಂದು ನೀನು ಕಟ್ಟಪ್ಪಣೆ ಮಾಡಿ ಹೋಗಿದ್ದೆಯಲ್ಲ, ಅದೇ ಗಾಡಿ. ಅಲ್ಲೇ ಒಂದು ಸಲ ಕೂಗಾಡಿಕೊಂಡುಬಿಡು, ಆಮೇಲೆ ಮುಂದಕ್ಕೆ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ನಿಮ್ಮಮ್ಮ ಒಗ್ಗರಣೆ ಬಿಟ್ಟು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಅವಳ ಮುಂದೆ ಅವಳ ಬಗ್ಗೆಯೇ ಹೇಗೆ ಹೇಳಲಿ?

ಚೌಡೇಶ, ನಮ್ಮ ಮನೆಯವರನ್ನು ಕಂಡರೆ ನನಗೆ ಹೇಸಿಗೆ ಬಂದುಬಿಟ್ಟಿದೆ. ನಾನು ಸೊಸೆಯಾಗಿ ಕಾಲಿಟ್ಟ ಮನೆ, ನಿಮ್ಮಪ್ಪನನ್ನು ಹೆತ್ತ ಮನೆ. ಆ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಲೂ ಮನಸ್ಸು ಬರುತ್ತಿಲ್ಲ. ನೀನು ದೂರದಲ್ಲಿದ್ದೀಯ, ಫೋನಿನಲ್ಲಿ ನಿನಗೆ ಅರ್ಧವನ್ನೇ ಹೇಳಿರುತ್ತಾರೆ. ಪೂರ್ತಿ ಹೇಳುತ್ತೇನೆ, ಕೇಳು.

ನೀನು ಸೂರತ್ತಿಗೆ ಹೊರಟಿದ್ದು ಮದುವೆಯಾದ ವಾರಕ್ಕೇ. ಅಲ್ಲಿಯವರೆಗೆ ಗಾಡಿ ನಿನ್ನ ಸ್ನೇಹಿತ ರಾಮಾಂಜಿನೇಯನ ಶೆಡ್ಡಿನಲ್ಲಿತ್ತು, ನಮ್ಮ ಬೀದಿಯನ್ನು ಪೈಪಿಗೆ ಅಗೆದು ಹಾಕಿದ್ದರಲ್ಲ ಅದಕ್ಕೆ. ನಾವು ಅದನ್ನು ನೋಡುತ್ತಿದ್ದುದೇ ನೀನು ಎಲ್ಲೆಲ್ಲೋ ಸುತ್ತಿ ಸಂಜೆ ಬೀದಿಯ ತುದಿಗೆ ತಂದು ನಿಲ್ಲಿಸಿದಾಗ. ಆಗೆಲ್ಲ ಒಳ್ಳೆ ಮರ್ಯಾದೆಯಾಗಿ ಗುರ್ ಎನ್ನುತ್ತ ನಿಂತಿರುತ್ತಿತ್ತು. ಬೀದಿ ಸರಿಹೋಯಿತು, ನೀನು ಹೊರಡುವ ಹಿಂದಿನ ದಿನ ತಂದು ನಮ್ಮ ಪೋರ್ಟಿಕೋದಲ್ಲಿ ನಿಲ್ಲಿಸಿದೆ. ದಿನಾ ಬೆಳಗ್ಗೆ ಒಂದು ಸಲ ಸ್ಟಾರ್ಟ್ ಮಾಡಿ ಆಫ್ ಮಾಡಿ, ಬ್ಯಾಟರಿ ಕೂರಬಾರದು, ಆದರೆ ಯಾರೂ ಓಡಿಸಬೇಡಿ ಎಂದೆ. ತಾತ ಅದನ್ನು ಮಂತ್ರದಂತೆ ಹಿಡಿದುಕೊಂಡರು.

ನಮ್ಮ ಮನೆಯಲ್ಲಿ ಮಗ್ಗ ಇದ್ದ ಕಾಲದ ಪದ್ಧತಿ ನಿನಗೆ ನೆನಪಿರಬೇಕು. ನೇಯ್ಗೆ ಇಲ್ಲದ ದಿನವೂ ಬೆಳಗ್ಗೆ ಮಗ್ಗಕ್ಕೆ ಕುಂಕುಮ ಇಟ್ಟು, ಲಾಳಿಯನ್ನು ಒಂದು ಸಲ ಅತ್ತ ಒಂದು ಸಲ ಇತ್ತ ಎಸೆದು, ಕೈಮುಗಿದು ಎದ್ದುಬಿಡುವುದು. ಮಗ್ಗ ಬರಿದೇ ನಿಲ್ಲಬಾರದು ಅಂತ. ನಿಮ್ಮ ತಾತ ಆ ಪದ್ಧತಿಯನ್ನು ಹಾಗೇ ಎತ್ತಿ ನಿನ್ನ ಗಾಡಿಗೆ ತಂದರು. ಸ್ನಾನ ಮಾಡಿ, ಬಾನೆಟ್ಟಿಗೆ ವಿಭೂತಿ ಬಳಿದು, ಊದಿನಕಡ್ಡಿ ಹಚ್ಚಿ, ನಿಮ್ಮಪ್ಪನ ಕೈಲಿ ಕೀಲಿ ತಿರುಗಿಸಿ, ಅದು ಬುರ್ರೆಂದ ತಕ್ಷಣ ಮಂಗಳಾರತಿ ಎತ್ತಿ, ಚೌಡೇಶ್ವರಿಗೆ ಕೈಮುಗಿದು, ಆಫ್ ಮಾಡಿಸುವುದು. ಇಂಜಿನ್ನಿಗೆ ಮೈ ಬೆಚ್ಚಗಾಗುವ ಮುಂಚೆಯೇ ಪೂಜೆ ಮುಗಿದುಹೋಗಿರುತ್ತದೆ. ದಿನಾ ಇದೇ. ಮಗ್ಗ ಮರದ್ದು, ಲಾಳಿ ಎಸೆದರೆ ಅದಕ್ಕೆ ಅಷ್ಟೇ ಸಾಕು. ಪೆಟ್ರೋಲು ಕುಡಿದು ಬದುಕುವುದಕ್ಕೆ ಅಷ್ಟು ಸಾಕೇ ಎಂದು ಯಾರೂ ಯೋಚಿಸಲಿಲ್ಲ.

ನೀನು ಹೋದ ಮೇಲೆ ಮೊದಲ ದಿನವೇ ಅದು ನಡುಗಿತು. ನಡುಗುವುದೆಂದರೆ ಹೇಗೆ ಅಂತೀಯ! ಕನ್ನಡಿಗಳು ಗಡಗಡ ಅಲುಗಿದವು, ಹೊಟ್ಟೆಯೊಳಗೆ ಯಾರೋ ಗುದ್ದಿದಂತೆ ಡಬ್ ಡಬ್ ಎಂದಿತು, ನಿಂತೇಬಿಡುತ್ತದೇನೋ ಎನ್ನುವಷ್ಟು ಕುಗ್ಗಿ ಮತ್ತೆ ಎದ್ದಿತು. ಹಿಂದೆ ಸೈಲೆನ್ಸರಿನಿಂದ ಕರಿ ಮಸಿ ಉಗುಳಿತು. ಆ ಮಸಿ ಹೋಗಿ ಬಿದ್ದಿದ್ದು ಎಲ್ಲಿ ಗೊತ್ತೇ? ನಿನ್ನ ಹೆಂಡತಿ ರಮ್ಯ ಆಗತಾನೇ ಹಾಕಿದ್ದ ರಂಗೋಲಿಯ ಮೇಲೆ. ನಿಮ್ಮಮ್ಮ ಗಂಗಾದೇವಿ ಅಲ್ಲೇ ನಿಂತಿದ್ದವಳು ಗಾಡಿಯನ್ನು ನೋಡಿದಳು, ರಂಗೋಲಿಯನ್ನು ನೋಡಿದಳು, ಆಮೇಲೆ ರಮ್ಯಳನ್ನು ನೋಡಿದಳು. ಆ ನೋಟ ನನಗೆ ಆಗಲೇ ಸರಿಬರಲಿಲ್ಲ.

ಅಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಹುಣಸೆಹಣ್ಣಿನ ಮಂಡಿ ತೋಟಪ್ಪ ಇದ್ದಾನಲ್ಲ, ದಿನಾ ಬೆಳಗ್ಗೆ ನಮ್ಮ ಮನೆ ಕಾಫಿಗೆ ಬಂದು ಕೂರುವವನು. ಅವನು ಕಾಫಿ ಹೀರುತ್ತ, “ಕೊತ್ತ ಕೋಡಲು ಇಂಟಿಕಿ ವಚ್ಚಿಂದಿ, ಬಂಡಿಕಿ ವಣುಕು ವಚ್ಚಿಂದಿ” ಎಂದುಬಿಟ್ಟ. ಹೊಸ ಸೊಸೆ ಮನೆಗೆ ಬಂದಳು, ಗಾಡಿಗೆ ನಡುಕ ಬಂತು ಅಂತ. ಹೇಳಿ ತಾನೇ ನಕ್ಕ. ಅವನ ಬಾಯಿಗೆ ಅವನ ಮಂಡಿಯ ಹುಳಿಯನ್ನೇ ತುರುಕಬೇಕಿತ್ತು. ತಮಾಷೆ ಮಾಡಿ ಅವನು ಎದ್ದುಹೋದ. ನಿಮ್ಮಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮಾರನೇ ದಿನದಿಂದ ಶುರುವಾಯಿತು. “ಗಾಡಿ ಸ್ಟಾರ್ಟ್ ಮಾಡೋ ವತ್ನಾಗೆ ನೀನು ಎದುರಿಗೆ ಬರಬ್ಯಾಡ ಕಣಮ್ಮ” ಎಂದಳು. ಹುಡುಗಿ ಆಗಲಿ ಅತ್ತೆ ಎಂದು ಒಳಗೆ ಹೋದಳು. ಆಗಲೂ ನಡುಗಿತು. “ಅಡುಗೆಮನೆ ಕಿಟಕಿಯಿಂದ ನೋಡಿರ್ತಾಳೆ” ಎಂದು ಹಿತ್ತಲಿಗೆ ಕಳಿಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ, ಗಾಡಿಯ ಸದ್ದು ನಿಲ್ಲುವವರೆಗೆ ನಿಂತಿರಬೇಕು. ಮದುವೆಯ ಬಳೆ ಇನ್ನೂ ಕೈಯಲ್ಲಿದ್ದ ಹುಡುಗಿ, ಚೌಡೇಶ. ದಿನಾ ಬೆಳಗ್ಗೆ ಹಾಗೆ ನಿಲ್ಲಿಸಿದರು. ನಾನು ಬೈದೆ, ಕೂಗಿದೆ. “ನಿನಗೇನು ಗೊತ್ತೈತೆ, ಸುಮ್ಕಿರು” ಎಂದು ತಾತ ನನ್ನ ಬಾಯಿ ಮುಚ್ಚಿಸಿದರು. ಥೂ! ಗಾಡಿಗೆ ವಿಭೂತಿ, ಹೆಣ್ಣುಮಗಳಿಗೆ ಒಗೆಯುವ ಕಲ್ಲು.

ನಿಮ್ಮಪ್ಪ ನರಸಿಂಹಪ್ಪನವರು ಓದಿದವರು ನೋಡು, ಪರೀಕ್ಷೆ ಮಾಡಿಯೇಬಿಡೋಣ ಎಂದರು. ಒಂದು ಬೆಳಗ್ಗೆ ರಮ್ಯಳನ್ನು ಮನೆಯಲ್ಲೇ ಇಟ್ಟುಕೊಂಡು ಗಾಡಿ ಸ್ಟಾರ್ಟ್ ಮಾಡಿದರು. ನಡುಗಿತು. ಎಷ್ಟು ಹೊತ್ತು ನಡುಗುತ್ತದೆ ನೋಡೋಣ ಎಂದು ಆವತ್ತು ಸ್ವಲ್ಪ ಹೊತ್ತು ಹಾಗೇ ಬಿಟ್ಟರು, ಆಮೇಲೆ ಆಫ್ ಮಾಡಿದರು. ರಮ್ಯಳನ್ನು ತೋಟಪ್ಪನ ಮನೆಗೆ ಕಳಿಸಿ, ಅವಳು ಆ ಹೊಸ್ತಿಲು ದಾಟಿದಳೆಂದು ಖಾತ್ರಿ ಮಾಡಿಕೊಂಡು, ಮತ್ತೆ ಸ್ಟಾರ್ಟ್ ಮಾಡಿದರು. ನಡುಗಲಿಲ್ಲ. ಜಾಣನಂತೆ ನಿಂತಿತ್ತು. “ನೋಡ್ದಾ ಅಮ್ಮಾ, ನೋಡ್ದಾ?” ಎಂದು ನಿಮ್ಮಪ್ಪ ನನ್ನ ಕಡೆ ತಿರುಗಿದ, ಪರೀಕ್ಷೆಯಲ್ಲಿ ಪಾಸಾದವನ ಮುಖ ಮಾಡಿಕೊಂಡು.

ಅಯ್ಯೋ ಮಂಕುಗಳಾ! ಅದು ಎರಡನೇ ಸಲವಲ್ಲವೇ? ಮೊದಲ ಸಲ ಉರಿದು ಬೆಚ್ಚಗಾಗಿತ್ತಲ್ಲವೇ? ನಮ್ಮ ಹಳೆಯ ಸೀಮೆಎಣ್ಣೆ ಪಂಪ್ ಸ್ಟೌ ನೆನಪಿದೆಯಾ ನಿನಗೆ? ಬರ್ನರು ಕಾಯುವ ಮುಂಚೆ ಪಂಪು ಹೊಡೆದರೆ ಭಗ್ಗೆಂದು ಹಳದಿ ಉರಿ, ಕರಿ ಹೊಗೆ, ಪಾತ್ರೆಯ ತಳವೆಲ್ಲ ಮಸಿ. ಕಾದ ಮೇಲೆ ಆರಿಸಿ ಮತ್ತೆ ಹಚ್ಚು, ನೀಲಿ ಉರಿ ನೆಟ್ಟಗೆ ನಿಲ್ಲುತ್ತದೆ. ದಿನಾ ಹಚ್ಚಿ, ಕಾಯುವ ಮುಂಚೆಯೇ ಆರಿಸುತ್ತ ಹೋದರೆ ಬರ್ನರಿನ ತೂತೆಲ್ಲ ಮಸಿ ಕಟ್ಟಿ ದಿನದಿಂದ ದಿನಕ್ಕೆ ಕೆಡುತ್ತದೆ. ಇದನ್ನೇ ಹೇಳಿದೆ. ರಮ್ಯ ಮನೆಯಲ್ಲಿರುವಾಗಲೇ ಎರಡನೇ ಸಲ ಸ್ಟಾರ್ಟ್ ಮಾಡಿ ನೋಡು ಎಂದೆ. “ಅಮ್ಮಾ, ಸ್ಟೌಗೂ ಕಾರಿಗೂ ಏನು ಸಂಬಂಧ?” ಎಂದು ನಕ್ಕ. ಸೊಸೆಗೂ ಕಾರಿಗೂ ಸಂಬಂಧ ಇದೆಯಂತೆ, ಸ್ಟೌಗೆ ಇಲ್ಲವಂತೆ! ಬೆಂಗಳೂರಿನಿಂದ ಒಬ್ಬ ಮೆಕ್ಯಾನಿಕ್ಕನನ್ನೂ ಕರೆಸಿದರು. ಅವನು ಬಂದಿದ್ದು ಮಧ್ಯಾಹ್ನ. ಅಷ್ಟರಲ್ಲಿ ಬಂದು ಹೋದವರಿಗೆಲ್ಲ ತೋರಿಸಲು ತಾತ ಹಲವು ಸಲ ಸ್ಟಾರ್ಟ್ ಮಾಡಿಸಿ ಗಾಡಿ ಬಿಸಿಯಾಗಿಹೋಗಿತ್ತು. ಅವನು ಕಿವಿಗೊಟ್ಟು ಕೇಳಿ, ಏನೂ ದೋಷ ಇಲ್ಲ ಎಂದು ಹೇಳಿ ಹೋದ. ಗಾಡಿಯಲ್ಲಿ ದೋಷ ಇಲ್ಲ ಎಂದ ಮೇಲೆ ದೋಷ ಯಾರದು? ನಿಮ್ಮಮ್ಮನಿಗೆ ಅಷ್ಟೇ ಬೇಕಾಗಿತ್ತು.

ದೀಪಾವಳಿಗೆ ತವರಿಗೆ ಹೋಗಿ ಬಾ ಎಂದು ರಮ್ಯಳನ್ನು ಬಸ್ಸು ಹತ್ತಿಸಿದರು. ಮೊದಲ ದೀಪಾವಳಿಗೆ ಅಳಿಯ ಮಗಳು ಜೊತೆಗೆ ಹೋಗುವುದಲ್ಲವೇ, ನೀನು ಊರಲ್ಲಿಲ್ಲ, ಒಬ್ಬಳೇ ಹೋದಳು. ಹೋದವಳನ್ನು ಕರೆಸಲೇ ಇಲ್ಲ. ಅವಳಿಲ್ಲದಾಗಲೂ ಗಾಡಿ ದಿನಾ ನಡುಗುತ್ತಲೇ ಇದೆಯಲ್ಲ ಎಂದರೆ, ಅವಳು ಬಿಟ್ಟು ಹೋದ ದೋಷ ಇನ್ನೂ ಇಳಿದಿಲ್ಲ ಎಂದರು. ನಾನು ಕೇಳಿದಾಗೆಲ್ಲ ಅಮಾವಾಸ್ಯೆ ಕಳೀಲಿ, ಕಾರ್ತಿಕ ಕಳೀಲಿ ಎಂದು ಜಾರಿಸಿದರು. ಮೊನ್ನೆ ನಿಮ್ಮಮ್ಮ ಬಾಯಿಬಿಟ್ಟು ಹೇಳಿಯೇಬಿಟ್ಟಳು. “ಗಾಡಿಗೇ ಹಿಂಗಾದ್ರೆ ನಾಳೆ ನನ್ನ ಮಗನಿಗೆ ಏನಾಯ್ತದೋ. ಅವಳು ಅಲ್ಲೇ ಇರ್ಲಿ. ಸಂಕ್ರಾಂತಿ ಆದ್ಮೇಲೆ ದೊಡ್ಡೋರ್ನ ಕೂರ್ಸಿ ಮಾತಾಡಿ ಬಿಡಿಸ್ಕೊಳ್ಳಾನ.” ಬಿಡಿಸಿಕೊಳ್ಳುವುದು! ಸೀರೆಗೆ ಅಂಟಿದ ಮುಳ್ಳನ್ನು ಬಿಡಿಸಿ ಬಿಸಾಡುವ ಮಾತು ಅದು. ತಾತ ತಲೆಯಾಡಿಸಿದರು, ನಿಮ್ಮಪ್ಪ ಪೇಪರು ತಿರುವಿದ. ನಾನು ಊಟಕ್ಕೆ ಕೂತಿದ್ದೆ. ತಟ್ಟೆ ಹಾಗೇ ಬಿಟ್ಟು ಎದ್ದೆ.

ನೀನಾದರೂ ಏನು ಮಾಡುವೆ ಕಂದ. ನಿಮ್ಮಮ್ಮ ನಿನಗೆ ಫೋನು ಮಾಡಿ ಇವಳು ಬಂದ ಮೇಲೆ ಗಾಡಿ ನಡುಗುತ್ತಿದೆ ಎಂದು ಹೇಳಿದಾಗ, ನೀನು ನಿಮಗೆ ಸರಿ ಕಂಡಂತೆ ಮಾಡಿ ಅಮ್ಮ ಎಂದೆಯಂತೆ. ನಾನು ನಿನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ನಿನ್ನ ಕಣ್ಣೆದುರು ಅದು ಯಾವತ್ತೂ ನಡುಗಿರಲಿಲ್ಲವಲ್ಲ. ಡಾಕ್ಟರೊಬ್ಬರು ಭಾನುವಾರ ಮಾತ್ರ ಓಡಿಸುತ್ತಿದ್ದ ಗಾಡಿ, ಹೂವಿನಂತೆ ಇಟ್ಟುಕೊಂಡಿದ್ದರು ಎಂದು ನಂಬಿ ತಂದವನು ನೀನು. ದೂರದಲ್ಲಿ ಕೂತು ಹೆತ್ತವರ ಮಾತಿಗೆ ಎದುರಾಡಲಾರದೆ ಹಾಗೆ ಅಂದಿರಬೇಕು ಎಂದುಕೊಂಡೆ. ನಿನಗೆ ವಿಷಯ ಗೊತ್ತಾದರೆ ನೀನೇ ಮೊದಲು ಓಡಿ ಬರುತ್ತೀಯ. ಅದಕ್ಕೇ ಕಣ್ಣಾರೆ ನೋಡಿ, ಕೈಯಾರೆ ಬರೆಯೋಣ ಎಂದು ಹೊರಟೆ.

ನಿನ್ನೆ ಬೆಳಗ್ಗೆ ನಿಮ್ಮಪ್ಪ ಅಮ್ಮ ಇಬ್ಬರೂ ಮಡಕಶಿರಾಕ್ಕೆ ಒಂದು ನಾಮಕರಣಕ್ಕೆ ಹೋದರು. ತಾತ ಪೂಜೆ ಮುಗಿಸಿ, ಬಂದಿದ್ದ ದಾಸಣ್ಣನ ಕೈಲೇ ಕೀಲಿ ತಿರುಗಿಸಿದರು. ದಾಸಣ್ಣ ಗೊತ್ತಲ್ಲ, ನಮ್ಮ ರೇಷ್ಮೆ ವ್ಯಾನಿನ ಡ್ರೈವರು. ಗಾಡಿ ನಡುಗಿತು. ಅವನು ಆಫ್ ಮಾಡಲು ಕೈ ಹಾಕುವಷ್ಟರಲ್ಲಿ ನಾನು ಬಾಗಿಲು ತೆಗೆದು ಒಳಗೆ ಕೂತುಬಿಟ್ಟೆ. ಆಫ್ ಮಾಡಬೇಡ, ಕಲ್ಯಾಣದುರ್ಗಕ್ಕೆ ನಡೆ ಎಂದೆ. ತಾತ ಆರತಿ ತಟ್ಟೆ ಹಿಡಿದುಕೊಂಡೇ, “ಏಯ್ ಏಯ್, ಎಲ್ಲಿಗೇ?” ಎಂದು ಹಿಂದೆ ಓಡಿ ಬಂದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ಮೊಮ್ಮಗನ ಹೆಂಡತಿಯ ಹತ್ತಿರ ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಹೇಳದೆ ಊರು ಬಿಟ್ಟಿದ್ದು ಇದೇ ಮೊದಲು. ಹೇಳಿಯೇ ಬಿಟ್ಟೆ ಎಂದು ಬೇಕಾದರೂ ಇಟ್ಟುಕೋ.

ದಾಸಣ್ಣನ ಮುಖ ನೋಡಬೇಕಿತ್ತು ನೀನು. “ಅಮ್ಮಾ, ಇದಕ್ಕೆ ಚಳಿಜ್ವರ ಬಂದಂಗೈತೆ, ಮಧ್ಯದಾಗೆ ನಿಂತೋದ್ರೆ ನನ್ನ ಚರ್ಮ ಸುಲೀತಾರೆ ಚೌಡೇಶಣ್ಣ” ಎಂದು ಊರು ದಾಟುವವರೆಗೂ ಗೊಣಗಿದ. ಗಾಡಿ ಕೆಮ್ಮಿತು, ಸೀನಿತು, ಒಂದು ಸಲ ಪಟಾಕಿಯಂತೆ ಹಿಂದೆ ಢಂ ಎಂದಿತು, ಎಮ್ಮೆಗಳೆಲ್ಲ ಚೆದುರಿದವು. ಪೆನುಕೊಂಡದ ಹತ್ತಿರ ಬರುತ್ತ ಬರುತ್ತ ಸದ್ದು ಒಂದೇ ಸಮನಾಯಿತು. ಹೈವೇಗೆ ಬಿದ್ದ ಮೇಲೆ, ಸ್ವಲ್ಪ ಜೋರಾಗಿ ಓಡಿಸು, ಹೊಟ್ಟೆಯಲ್ಲಿರುವ ಮಸಿಯೆಲ್ಲ ಉರಿದುಹೋಗಲಿ ಎಂದೆ. ಓಡಿಸಿದ. ಅಬ್ಬಬ್ಬಾ, ಏನು ಓಟ ಅದು! ಕೋಟೆಯ ಬೆಟ್ಟ ಹಿಂದಕ್ಕೆ ಸರಿದದ್ದೇ ತಿಳಿಯಲಿಲ್ಲ. ನನಗೆ ನಗು ಬಂತು, ಅಳುವೂ ಬಂತು. ಇಷ್ಟು ನುಣ್ಣಗೆ ಓಡುವುದರ ಹೆಸರಿನಲ್ಲಿ ಒಂದು ಹುಡುಗಿಯನ್ನು ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿದೆವಲ್ಲ ಎಂದು. ಹೈವೇ ಬಿಟ್ಟು ಕಲ್ಯಾಣದುರ್ಗದ ಕಡೆಗೆ ತಿರುಗಿ ಈ ಬೀದಿಗೆ ಬರುವವರೆಗೂ ಅದು ಒಂದು ಸಲವೂ ಮಿಸುಕಲಿಲ್ಲ.

ಮುಂದಿನದನ್ನು ಕೇಳು. ಗಾಡಿಯ ಸದ್ದು ಕೇಳಿ ನಿನ್ನ ಹೆಂಡತಿ ಬಾಗಿಲಿಗೆ ಬಂದಳು. ನೀನೇ ಬಂದೆ ಎಂದುಕೊಂಡಳೋ ಏನೋ, ಬರುವಾಗ ಮುಖ ಅರಳಿತ್ತು. ಇಳಿದದ್ದು ನಾನು. ನನ್ನನ್ನು ನೋಡಿದಳು, ಗಾಡಿ ಇನ್ನೂ ಗುರ್ ಎನ್ನುತ್ತಿರುವುದನ್ನು ನೋಡಿದಳು, ತಟಕ್ಕನೆ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಮರೆಗೆ ಹೋಗಿ ನಿಂತಳು. “ಅಜ್ಜಿ, ಗಾಡಿ ಆಫ್ ಮಾಡಾಕೆ ಹೇಳ್ರಿ, ಆಮ್ಯಾಕೆ ಬತ್ತೀನಿ” ಎಂದು ಒಳಗಿನಿಂದಲೇ ಅಂದಳು. ತನ್ನ ಹುಟ್ಟಿದ ಮನೆಯಲ್ಲಿ, ತನ್ನ ಹೊಸ್ತಿಲಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದಳು ಚೌಡೇಶ. ಅವಳ ತಾಯಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಅವರಿಗೆ ಇವಳು ಏನನ್ನೂ ಹೇಳಿಲ್ಲ. ನಾನು ಹೋಗಿ ಆ ಮಗುವನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಮುನೆಪ್ಪನವರು ಮಗ್ಗದಿಂದ ಎದ್ದು ಬಂದರು, ಯಾರಿಗೋ ಏನೋ ಆಯಿತು ಎಂದು.

ಬೀಗರಿಗೆ ಎಲ್ಲ ಹೇಳಿದೆ, ಮುಚ್ಚಿಡಲಿಲ್ಲ. ಮುನೆಪ್ಪನವರು ಹೋಗಿ ಮಗ್ಗದ ಮುಂದೆ ಕೂತರು, ನೇಯಲಿಲ್ಲ. “ನಮ್ಮ ಹುಡುಗಿ ಏನೋ ತಪ್ಪು ಮಾಡಿರಬೇಕು, ಅದಕ್ಕೇ ಕಳ್ಸವ್ರೆ ಅಂದ್ಕೊಂಡಿದ್ವಿ ತಾಯಿ” ಎಂದು ಬೀಗಿತ್ತಿ ಕಣ್ಣೊರೆಸಿಕೊಂಡರು. ಇಷ್ಟು ದಿನ ಮಗಳನ್ನೇ ಕೆಣಕಿ ಕೆಣಕಿ ಕೇಳಿದ್ದಾರೆ, ಪಾಪ. ಇಂಥ ಜನರ ಮುಂದೆ ನಮ್ಮ ಮನೆ ಹೆಸರು ಹೇಳಿಕೊಂಡು ಕೂರಲು ನನಗೆ ಮೈಯೆಲ್ಲ ಮುಳ್ಳಾಯಿತು.

ಇವತ್ತು ಬೆಳಗ್ಗೆ ನಾನೊಂದು ಕೆಲಸ ಮಾಡಿದೆ. ಗಾಡಿ ಇಬ್ಬನಿಗೆ ತಣ್ಣಗೆ ನಿಂತಿತ್ತು. ರಮ್ಯಳ ಕೈ ಹಿಡಿದು ಎಳೆದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಬೇಡ ಅಜ್ಜಿ, ಬೇಡ ಅಜ್ಜಿ ಎಂದಳು, ಬಿಡಲಿಲ್ಲ. ದಾಸಣ್ಣ ಸ್ಟಾರ್ಟ್ ಮಾಡಿದ. ನಡುಗಿತು, ಹಿಂದೂಪುರದಲ್ಲಿ ನಡುಗುತ್ತಿದ್ದಷ್ಟಿಲ್ಲ, ಆದರೂ ನಡುಗಿತು. ದಾಸಣ್ಣ ಗಾಬರಿಯಾಗಿ ಎಕ್ಸಲೇಟರು ಒತ್ತಿ ಒತ್ತಿ ಬಿಡುತ್ತಿದ್ದ. ಆಗ ರಮ್ಯ ಮೆಲ್ಲಗೆ, “ಒತ್ತಬ್ಯಾಡ್ರಿ ದಾಸಣ್ಣ, ತಾನೇ ಸರಿಹೋಯ್ತದೆ. ಬೆಚ್ಚಗಾಗಲಿ, ಆಮ್ಯಾಕೆ ನಿಧಾನಕ್ಕೆ ಬಿಡ್ರಿ” ಎಂದಳು. ಹಾಗೇ ಆಯಿತು. ನಡುಕ ಇಳಿಯಿತು, ಹಿಂದಿನ ಕರಿ ಹೊಗೆ ತೆಳ್ಳಗಾಗಿ ನಿಂತಿತು. ಮೂವರೂ ಬ್ರಹ್ಮಸಮುದ್ರದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಹುಡುಗಿ ಎಷ್ಟು ಚುರುಕು ನೋಡು, ನಮ್ಮ ಮನೆಯವರಿಗೆ ತಿಂಗಳುಗಟ್ಟಲೆ ಹೊಳೆಯದ್ದು ಅವಳಿಗೆ ಒಂದೇ ಸಲಕ್ಕೆ ಹೊಳೆಯಿತು. ಆ ಗಾಡಿಯ ಗುಣವೇ ಅಷ್ಟು, ನನ್ನ ಮೊಣಕಾಲಿನ ಗುಣ ಇದ್ದಹಾಗೆ. ಬೆಳಗಿನ ಚಳಿಯಲ್ಲಿ ನಾನು ಕುಂಟಿದರೆ ಯಾರ ಕಾಲ್ಗುಣ ಅಂತ ಯಾರೂ ಕೇಳುವುದಿಲ್ಲವಲ್ಲ.

ಇಷ್ಟೇ ಕಂದ ವಿಷಯ. ಈಗ ನಿನಗೆ ಗೊತ್ತಾಯಿತು. ಮನೆಗೆ ಫೋನು ಮಾಡು. ನಿಮ್ಮಮ್ಮನಿಗೆ, ನಿಮ್ಮಪ್ಪನಿಗೆ, ತಾತನಿಗೆ ಬಿಡಿಸಿ ಹೇಳು, ನಾನು ಹೇಳಿದರೆ ಅಡುಗೆಮನೆ ಮಾತು, ನೀನು ಹೇಳಿದರೆ ವೇದ. ನಿಮ್ಮಮ್ಮನೇ ಬಂದು, ತಾಂಬೂಲ ಇಟ್ಟು, ಈ ಹೊಸ್ತಿಲಲ್ಲಿ ನಿಂತು ಸೊಸೆಯನ್ನು ಕರೆದುಕೊಂಡು ಹೋಗಬೇಕು. ಬಸ್ಸು ಹತ್ತಿಸಿ ಕಳಿಸಿದವರು ಬಸ್ಸಿನಲ್ಲೇ ಬರಲಿ. ಹಾಗೇ ನಿನ್ನ ಹೆಂಡತಿಗೂ ಒಂದು ಫೋನು ಮಾಡು, ನಿನ್ನ ದನಿ ಕೇಳಿ ಬಹಳ ದಿನವಾಯಿತಂತೆ. ಪಕ್ಕದ ಮನೆಯ ನಂಬರು ನಿನ್ನ ಹತ್ತಿರ ಇದೆಯಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು, ಬೆಳಗ್ಗೆ ತಣ್ಣೀರು ಸ್ನಾನ ಬೇಡ. ಬೀಗರಿಬ್ಬರೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ, ಇಷ್ಟಾದ ಮೇಲೂ. ನಮ್ಮಮ್ಮ ಚೌಡೇಶ್ವರಿ ನಿನ್ನ ಬೆನ್ನಿಗಿರಲಿ, ನಿನ್ನ ನಾಲಿಗೆಗೆ ಸತ್ಯ ಕೊಡಲಿ. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇವೆ.

ನಿನ್ನ ಅಜ್ಜಿ,
ಪದ್ಮಾವತಮ್ಮ

ಮಡಚಿದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಪೋಸ್ಟಿನ ಹೊತ್ತಾಯಿತು, ದಾಸಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಅಂಟು ಹಚ್ಚುವಾಗ ರಮ್ಯಳನ್ನು ಸುಮ್ಮನೆ ಕೇಳಿದೆ, ಎಕ್ಸಲೇಟರು ಒತ್ತಬಾರದು ಅಂತ ನಿನಗೆ ಹೇಗೆ ಗೊತ್ತಾಯಿತಮ್ಮಾ ಎಂದು. ಅವಳು ತಲೆ ತಗ್ಗಿಸಿದಳು. ನಾನು ಬಿಡಲಿಲ್ಲ. ಮದುವೆಯಾದ ವಾರ ನೀನು ಅವಳನ್ನು ಬೆಳಗ್ಗೆ ಬೆಳಗ್ಗೆ ರಾಮಾಂಜಿನೇಯನ ಶೆಡ್ಡಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಇದೇ ಗಾಡಿಯಲ್ಲಿ ಲೇಪಾಕ್ಷಿಗೆ ಹೋಗಿದ್ದೆಯಂತೆ. ಅವತ್ತೂ ಹೀಗೇ ನಡುಗಿತಂತೆ. ಅವಳು ಹೆದರಿದಾಗ ನಕ್ಕೆಯಂತೆ. “ತಂದಾಗಿನಿಂದ ಹಿಂಗೇ ಇದು. ರೇಸಿಗೆ ಬಿಡ್ತಿದ್ದೋನು ಇಂಜಿನ್ ಬಿಚ್ಚಿ ಏನೇನೋ ಮಾಡ್ಸಿದ್ನಂತೆ, ತಣ್ಣಗಿದ್ರೆ ಹಿಂಗಾಡ್ತೈತೆ, ಬಿಸಿಯಾದ್ರೆ ಕುದ್ರೆ. ಮನೇಲಿ ಹೇಳ್ಬ್ಯಾಡ, ಡಾಕ್ಟರ್ ಗಾಡಿ ಅಂತ ಹೇಳಿವ್ನಿ, ನನ್ನ ಮಾನ ಹೋಯ್ತದೆ” ಎಂದು ಅವಳ ಕೈಯಿಂದ ಆಣೆ ಹಾಕಿಸಿಕೊಂಡೆಯಂತೆ.

ನಿನಗೆ ಗೊತ್ತಿತ್ತು. ನಿಮ್ಮಮ್ಮ ಫೋನಿನಲ್ಲಿ ಸೊಸೆಯ ಕಾಲ್ಗುಣ ಎಂದಾಗ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸರಿ ಕಂಡಂತೆ ಮಾಡಿ ಎಂದೆ. ಛೀ! ನಿಮ್ಮಮ್ಮ ಮೂಢಳು, ತಾತ ಮುದುಕರು, ಅಪ್ಪ ಪೆದ್ದ. ನಿನ್ನನ್ನು ಏನೆಂದು ಕರೆಯಲಿ? ಇವರೆಲ್ಲರ ಮೇಲೆ ನನಗಿದ್ದ ಹೇಸಿಗೆಯನ್ನು ಒಟ್ಟು ಮಾಡಿ ನಿನ್ನೊಬ್ಬನ ಮೇಲೆ ಸುರಿದರೂ ಸಾಲದು. ಮೇಲೆ ಬರೆದಿರುವ ಆಶೀರ್ವಾದ ನಿನ್ನದಲ್ಲ, ನನ್ನ ಎರಡೂ ಕೈಯನ್ನು ಅವಳ ತಲೆಯ ಮೇಲಿಟ್ಟಿದ್ದೇನೆ. ಗಾಡಿಯ ಕೀಲಿ ಅವಳ ಸೊಂಟದಲ್ಲಿದೆ, ನಾನೇ ಸಿಕ್ಕಿಸಿದೆ. ನಿಮ್ಮಮ್ಮ ಬಂದು ಕರೆದರೂ ಇನ್ನು ಇವಳನ್ನು ಕಳಿಸುವುದಿಲ್ಲ. ನೀನು ಬಾ, ಬಸ್ಸಿನಲ್ಲಿ ಬಾ. ಮೊದಲು ಹಿಂದೂಪುರದಲ್ಲಿ ಇಳಿದು, ತೋಟಪ್ಪ ಕಾಫಿಗೆ ಕೂತಿರುವ ಹೊತ್ತಿಗೆ ಎಲ್ಲರ ಮುಂದೆ ನಿಜ ಹೇಳಿ, ಆಮೇಲೆ ಇಲ್ಲಿಗೆ ಬಾ. ಬಾಗಿಲು ತೆಗೆಯುವುದು ಬಿಡುವುದು ರಮ್ಯಳಿಗೆ ಸೇರಿದ್ದು. ಅಲ್ಲಿಯವರೆಗೆ ನಾನೂ ಇಲ್ಲಿಂದ ಕದಲುವುದಿಲ್ಲ.

ಗೋಡೆಗೆ ಮುಖ ಮಾಡಿ ನಿಂತ ಅಷ್ಟೂ ಬೆಳಗು ಆ ಒಂದು ಮಾತು ಅವಳ ಬಾಯಲ್ಲೇ ಇತ್ತು, ಆಣೆಗೆ ಕಟ್ಟುಬಿದ್ದು ನುಂಗಿಕೊಂಡಳು. ಈಗಲೂ ನಾನು ಇದನ್ನು ಬರೆಯುತ್ತಿರುವಾಗ ಪೆನ್ನು ಹಿಡಿದ ನನ್ನ ಕೈಯನ್ನು ಹಿಡಿದು ತಡೆಯುತ್ತಿದ್ದಾಳೆ, ಬರೀಬ್ಯಾಡ್ರಿ ಅಜ್ಜಿ, ಅವರಿಗೆ ಅವಮಾನ ಆಯ್ತದೆ ಅಂತ.